ಎಲ್ಲಿ ಸೀಳಿತು, ಯಾವಾಗ ಸೀಳಿತು: ಹಳೆ ಬ್ಯಾರಲ್‌ನಿಂದ ಹಿತ್ತಾಳೆ ಸ್ಲೀವ್ ಮಾಡುವಾಗಿನ ದೋಷ ನಿವಾರಣೆ

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮಾವಿನ ತೋಟಗಳಲ್ಲಿ ಹಳೆಯ ಹಿತ್ತಾಳೆ ರಾಕರ್ ಸ್ಪ್ರೇಯರ್‌ಗಳು ಇನ್ನೂ ಕೆಲಸ ಮಾಡುತ್ತಿವೆ. ಒಬ್ಬರು ನಿಂತು ಹಿಡಿಕೆ ಆಡಿಸಬೇಕು, ಇನ್ನೊಬ್ಬರು ಉದ್ದನೆ ಗಳ ಹಿಡಿದು ಮರಕ್ಕೆ ಔಷಧಿ ಹೊಡೆಯಬೇಕು. ಪಂಪು ಗಟ್ಟಿಮುಟ್ಟು, ಆದರೆ ಸ್ಪೇರ್ ಸಿಗುವುದಿಲ್ಲ. ಜಾಸ್ತಿ ಕೈಕೊಡುವುದು ರಬ್ಬರ್ ಪೈಪು ಸೇರುವ ಜಾಗದ ಸ್ಲೀವ್. ಅದರ ಒಂದು ತುದಿ ಅಗಲ, ಒಳಗೆ ಥ್ರೆಡ್ ಇರುತ್ತದೆ. ಇನ್ನೊಂದು ತುದಿ ಭುಜ ಇಳಿದು ಕಿರಿದಾದ ಕುತ್ತಿಗೆಯಾಗುತ್ತದೆ. ಅಂಗಡಿಯಲ್ಲಿ ಕೇಳಿದರೆ ಪ್ಲಾಸ್ಟಿಕ್‌ನದ್ದು ಕೊಡುತ್ತಾರೆ, ಅದು ಹಳೆ ಪಂಪಿಗೆ ಕೂರುವುದಿಲ್ಲ. ಹಾಗಾಗಿ ಕೋಲಾರದ ನಮ್ಮಂಥ ಲೇತ್ ಅಂಗಡಿಗಳಲ್ಲಿ, ಗುಜರಿಗೆ ಹೋಗಬೇಕಿದ್ದ ಪಂಪಿನ ಬ್ಯಾರಲ್ (ವಾಷರ್ ಆಡುವ ಹಿತ್ತಾಳೆ ಕೊಳವೆ) ಕತ್ತರಿಸಿ, ಡೈಗೆ, ಅಂದರೆ ಆಕಾರ ಕೊಡುವ ಅಚ್ಚಿಗೆ ಒತ್ತಿ, ಕುತ್ತಿಗೆ ಇಳಿಸಿ ಸ್ಲೀವ್ ಮಾಡಿಕೊಡುತ್ತೇವೆ.

ಈ ವಿದ್ಯೆಯ ದೊಡ್ಡಣ್ಣ ಬಂದೂಕಿನ ತೋಟಾ. 70 ಭಾಗ ತಾಮ್ರ, 30 ಭಾಗ ಸತುವಿನ ಹಿತ್ತಾಳೆಗೆ ಇವತ್ತಿಗೂ ಕಾರ್ಟ್ರಿಜ್ ಬ್ರಾಸ್ ಅಂತಲೇ ಹೆಸರು. ಹಳೆ ರೈಫಲ್ ಇಟ್ಟುಕೊಂಡ ವಿದೇಶದ ಹವ್ಯಾಸಿಗಳು ಸುಲಭವಾಗಿ ಸಿಗುವ .30-06 ಅನ್ನುವ ಅಳತೆಯ ತೋಟಾದ ಚಿಪ್ಪನ್ನು (ಹಿತ್ತಾಳೆ ಕವಚವನ್ನು) ಡೈಗೆ ಒತ್ತಿ 7.65 ಅರ್ಜೆಂಟೈನ್ ಅನ್ನುವ ಹಳೆ ಅಳತೆಯ ಚಿಪ್ಪು ಮಾಡಿಕೊಳ್ಳುತ್ತಾರೆ. ಅವರಿಗೆ ಬರುವ ತೊಂದರೆಗಳೂ ನಮಗೆ ಬರುವ ತೊಂದರೆಗಳೂ ಒಂದೇ: ಬಾಯಿ ಸೀಳುವುದು, ಭುಜ ಸುಕ್ಕಾಗುವುದು, ಕುತ್ತಿಗೆ ದಪ್ಪವಾಗುವುದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಇಲ್ಲಿ ಬರೆದಿರುವುದು ಬರೀ ಪಂಪಿನ ಸ್ಲೀವ್ ವಿಷಯ.

ಮೊದಲು ನೋಡಿ, ಆಮೇಲೆ ಕಾಸಿ

ಸ್ಲೀವ್ ಸೀಳಿತು ಅಂದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ, ಗ್ಯಾಸ್ ಟಾರ್ಚ್ ಹಚ್ಚಿ ಮುಂದಿನ ಪೀಸನ್ನು ಇನ್ನಷ್ಟು ಕಾಸುವುದು. ಕೆಲವು ಸಲ ಅದು ಸರಿಯಾದ ಮದ್ದು, ಕೆಲವು ಸಲ ಅದೇ ರೋಗ. ಹಾಳಾದ ಪೀಸನ್ನು ಗುಜರಿ ಡಬ್ಬಿಗೆ ಎಸೆಯಬೇಡಿ. ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಮೂರು ವಿಷಯ ನೋಡಿ. ಸೀಳು ಎಲ್ಲಿ ಶುರುವಾಗಿದೆ? ಯಾವ ದಿಕ್ಕಿಗೆ ಓಡಿದೆ? ಯಾವಾಗ ಕಾಣಿಸಿಕೊಂಡಿತು: ಒತ್ತುವಾಗಲೋ, ಬೆಸುಗೆ ಹಾಕುವಾಗಲೋ, ಮನೆಗೆ ಹೋಗಿ ತಿಂಗಳಾದ ಮೇಲೋ?

ಒತ್ತುವಾಗ ಸೀಳಿದ್ದರೆ ಸೀಳಿನ ಒಳಮೈ ಹೊಳೆಯುವ ಹಳದಿ. ಸಾಮಾನ್ಯವಾಗಿ ಬಾಯಿಯಿಂದಲೇ ಶುರುವಾಗಿರುತ್ತದೆ, ಅಂಚು ಸ್ವಲ್ಪ ಎಳೆದು ಹರಿದಂತೆ ಇರುತ್ತದೆ. ಇಟ್ಟಲ್ಲೇ ಸೀಳಿದ್ದರೆ ಒಳಮೈ ಕಪ್ಪು ಅಥವಾ ನೀಲಿ ಹಸಿರು, ಅಂಚು ಎಳೆದಂತಿರುವುದಿಲ್ಲ, ಗಾಜು ಬಿರಿದಂತೆ ನೇರ ಗೆರೆ. ಇವೆರಡಕ್ಕೂ ಮದ್ದು ಬೇರೆ ಬೇರೆ. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಲೋಹ ಯಾವುದು ಅನ್ನುವುದು

ಒಂದೇ ಗುಜರಿ ರಾಶಿಯಿಂದ ಬಂದ ಎರಡು ತುಂಡುಗಳಲ್ಲಿ ಒಂದು ಬೆಣ್ಣೆಯ ಹಾಗೆ ಒತ್ತಿಸಿಕೊಂಡು, ಇನ್ನೊಂದು ಎಷ್ಟು ಕಾಸಿದರೂ ಸೀಳುತ್ತಿದ್ದರೆ ಡೈ ಬಿಟ್ಟು ಲೋಹವನ್ನು ಅನುಮಾನಿಸಿ. ಹಿತ್ತಾಳೆ ಅಂದರೆ ಎಲ್ಲವೂ ಒಂದೇ ಅಲ್ಲ. ಎಳೆದು ಮಾಡಿದ ಪೈಪು, ತಗಡು ಸಾಮಾನ್ಯವಾಗಿ 70/30 ಅಥವಾ 63/37ರ ಆಸುಪಾಸಿನದು, ತಣ್ಣಗಿದ್ದಾಗಲೂ ಬಾಗುತ್ತದೆ. ಲೇತ್‌ನಲ್ಲಿ ತಿರುವಲು ಮಾಡಿದ ರಾಡಿನಲ್ಲಿ ತಾಮ್ರ ಕಡಿಮೆ, ಸುಮಾರು 3 ಪರ್ಸೆಂಟಿನವರೆಗೆ ಸೀಸ ಸೇರಿರುತ್ತದೆ. ಅದು ತಿರುಗಿಸಲು ಬಹಳ ಚೆನ್ನ, ತಣ್ಣಗೆ ಒತ್ತಲು ಬಹಳ ಕೆಟ್ಟದ್ದು. ಸಾಮಾನು ಕೊಳ್ಳುವವರು ಬಿಲ್ಲಿನಲ್ಲಿ ಐಎಸ್ (ಭಾರತೀಯ ಮಾನಕ) 319 ಅಂತ ಕಂಡರೆ ಅದು ಈ ಸೀಸದ ರಾಡು, ಐಎಸ್ 410 ಅಂದರೆ ತಣ್ಣಗೆ ರೋಲ್ ಮಾಡಿದ ತಗಡು.

ಬಿಲ್ ಇಲ್ಲದ ಗುಜರಿಗೆ ಡ್ರಿಲ್ ಪರೀಕ್ಷೆ ಸಾಕು. ತುಂಡಿನ ಮೂಲೆಗೆ ಸಣ್ಣ ತೂತು ಹಾಕಿ ಹೊಟ್ಟು ನೋಡಿ. ರವೆಯ ಹಾಗೆ ಪುಡಿಪುಡಿ ಉದುರಿದರೆ ಸೀಸದ ಹಿತ್ತಾಳೆ, ಪಕ್ಕಕ್ಕಿಡಿ, ನಿಪ್ಪಲ್ (ಸ್ಲೀವ್‌ನ ಕುತ್ತಿಗೆಯೊಳಗೆ ಕೂರುವ ಸಣ್ಣ ಕೊಳವೆ) ತಿರುಗಿಸಲು ಬರುತ್ತದೆ. ಸುರುಳಿ ಸುರುಳಿಯಾಗಿ ಎಳೆದು ಬಂದರೆ ಒತ್ತುವ ಕೆಲಸಕ್ಕೆ ಸೈ. ಮ್ಯಾಗ್ನೆಟ್ ಅಂಟಿದರೆ ಅದು ಹಿತ್ತಾಳೆ ಬಣ್ಣ ಬಳಿದ ಕಬ್ಬಿಣ, ಹೇಳುವುದೇ ಬೇಡ ಅಲ್ವಾ.

ಹಳೆ ಬ್ಯಾರಲ್‌ನಲ್ಲಿ ಇನ್ನೊಂದು ಗುಟ್ಟಿದೆ. ವಾಷರ್ ಉಜ್ಜಿ ಉಜ್ಜಿ ಒಳಗೆ ಒಂದು ಕಡೆ ಸವೆದಿರುತ್ತದೆ. ಕತ್ತರಿಸಿದ ಮೇಲೆ ಗೋಡೆಯ ದಪ್ಪವನ್ನು ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಒಂದು ಕಡೆ 1.2 ಮಿಮೀ, ಎದುರು ಕಡೆ 0.9 ಇದ್ದರೆ ಆ ತುಂಡು ಡೈಯಲ್ಲಿ ನೇರ ಇಳಿಯುವುದಿಲ್ಲ, ತೆಳು ಕಡೆಗೆ ಮಡಚಿಕೊಳ್ಳುತ್ತದೆ. ಪಂಪಿನ ಪ್ರೆಷರ್ ತಡೆಯುವ ಜಾಗಕ್ಕೂ ಅದು ಬೇಡ.

ಒತ್ತುವಾಗಲೇ ಬಾಯಿ ಸೀಳಿದರೆ

ಕಾರಣ ಹೆಚ್ಚಾಗಿ ಗಡಸುತನ. ಹಿತ್ತಾಳೆಯನ್ನು ಬಗ್ಗಿಸಿದಷ್ಟೂ, ಒತ್ತಿದಷ್ಟೂ ಅದು ಗಡಸಾಗುತ್ತಾ ಹೋಗುತ್ತದೆ. ಬ್ಯಾರಲ್ ಪೈಪು ಫ್ಯಾಕ್ಟರಿಯಿಂದ ಬರುವಾಗಲೇ ಎಳೆದು ಗಡಸಾಗಿರುತ್ತದೆ. ಅದನ್ನು ಕಾಸದೆ ಡೈಗೆ ಕೊಟ್ಟರೆ ಬಾಯಿ ತಡೆಯುವುದಿಲ್ಲ.

ಗಡಸೋ ಮೆದುವೋ ಅಂತ ತಿಳಿಯಲು ಬಾಯನ್ನು ಇಕ್ಕಳದಲ್ಲಿ ಬಹಳ ಸಣ್ಣಗೆ ಅಮುಕಿ ಬಿಡಿ. ಅಮುಕಿದಲ್ಲೇ ನಿಂತರೆ ಮೆದು. ಟಪಕ್ಕನೆ ವಾಪಸ್ ಬಂದರೆ ಗಡಸು, ಕಾಸಬೇಕು.

ಕಾಸುವುದರಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಮೊದಲನೆಯದು ಕಬ್ಬಿಣದ ಕೆಲಸದಿಂದ ಬಂದದ್ದು: ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ ಅನ್ನುವುದು. ಉಕ್ಕಿಗೆ ಅದು ನಿಜ, ಹಿತ್ತಾಳೆಗೆ ಅಲ್ಲ. ಹಿತ್ತಾಳೆಯನ್ನು ನಿಧಾನ ಆರಿಸಿದರೂ ಒಂದೇ, ಬಕೆಟ್‌ಗೆ ಹಾಕಿದರೂ ಒಂದೇ. ನೀರಿಗೆ ಹಾಕಿದರೆ ಮೇಲಿನ ಕಿಟ್ಟ ಉದುರುತ್ತದೆ, ಕಾವು ಬೇಡದ ಕಡೆಗೆ ಹರಿಯುವುದೂ ನಿಲ್ಲುತ್ತದೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಈ ಕಡೆಯ ವರ್ಕ್‌ಶಾಪ್‌ಗೆ ಬಂದ ಹಿರಿಯ ಫಿಟ್ಟರ್ ಒಬ್ಬರು ಹೊಸ ಹುಡುಗರಿಗೆ ಹೇಳುತ್ತಿದ್ದರು, "ಲೇ ಮಗಾ, ಕಬ್ಬಿಣದ ಬುದ್ಧಿ ಹಿತ್ತಾಳೆ ಹತ್ರ ತೋರಿಸ್ಬೇಡ." ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಎರಡನೆಯದು, ಕೆಂಡದ ಹಾಗೆ ಕೆಂಪಾಗಬೇಕು ಅನ್ನುವುದು. ಬೇಡ. 70/30 ಹಿತ್ತಾಳೆ ಸುಮಾರು 425 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆದುವಾಗತೊಡಗುತ್ತದೆ. ಕತ್ತಲ ಮೂಲೆಯಲ್ಲಿ ಮಾತ್ರ ಕಾಣುವ ಮಸುಕು ಕೆಂಪು ನಮ್ಮ ಕೆಲಸಕ್ಕೆ ಸಾಕು. ಅಂಗಡಿ ಮುಂದೆ ಬಿಸಿಲಿಗೆ ಕೂತು ಕಾಸಿದರೆ ಆ ಕೆಂಪು ಕಣ್ಣಿಗೆ ಬೀಳುವುದಿಲ್ಲ. ಕಾಣುವ ಹೊತ್ತಿಗೆ ಕಾವು ಮಿತಿಮೀರಿರುತ್ತದೆ. ಆದ್ದರಿಂದ ನೆರಳಿನಲ್ಲಿ ಕಾಸಿ. ಇಂಥ ಡಿಗ್ರಿಗೆ ಕರಗುವ ಕಾವು ಗುರುತಿಸುವ ಚಾಕ್ ಸಿಗುತ್ತದೆ, ಕಣ್ಣಿನ ಅಂದಾಜಿಗಿಂತ ಅದನ್ನೇ ನಾನು ನಂಬುವುದು. ಬಿಳಿ ಹೊಗೆ ಎದ್ದರೆ ಸತು ಉರಿದು ಹೋಗುತ್ತಿದೆ ಅಂತ ಅರ್ಥ. ಪೀಸು ಹಾಳು, ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ.

ಕಾಸಬೇಕಾದದ್ದು ಕುತ್ತಿಗೆ, ಭುಜ ಅಷ್ಟೇ. ಥ್ರೆಡ್ ಬರುವ ತುದಿ ಗಡಸಾಗಿಯೇ ಇರಬೇಕು. ತೋಟಾ ಮಾಡುವವರು ಚಿಪ್ಪಿನ ಬುಡವನ್ನು ಯಾವತ್ತೂ ಮೆದು ಮಾಡುವುದಿಲ್ಲ, ಒತ್ತಡ ತಡೆಯುವುದು ಅದೇ ಅಂತ. ನಮ್ಮದೂ ಅದೇ ಲೆಕ್ಕ. ಅಗಲ ತಟ್ಟೆಯಲ್ಲಿ ನೀರು ಹಾಕಿ, ಥ್ರೆಡ್ ತುದಿ ಕೆಳಗೆ ಬರುವಂತೆ ಸ್ಲೀವ್ ನಿಲ್ಲಿಸಿ, ಅರ್ಧ ಮುಳುಗಿರಲಿ. ಮೇಲಿನ ಭಾಗಕ್ಕೆ ಟಾರ್ಚ್ ಸುತ್ತಿಸುತ್ತಾ ಹಿಡಿಯಿರಿ. ಒಂದೇ ಕಡೆ ಹಿಡಿದರೆ ಒಂದು ಪಕ್ಕ ಮೆದು, ಇನ್ನೊಂದು ಪಕ್ಕ ಗಡಸು. ಒತ್ತುವಾಗ ಸೀಳು ಸರಿಯಾಗಿ ಆ ಗಡಸು ಪಕ್ಕದಲ್ಲೇ ಬರುತ್ತದೆ.

ಸರಿಯಾಗಿ ಕಾಸಿದ ಮೇಲೂ ಸೀಳಿದರೆ ಬಾಯಿಯ ಅಂಚು ನೋಡಿ. ಹ್ಯಾಕ್ಸಾ ಬಿಟ್ಟ ಕಚ್ಚು, ಬರ್ (ಅಂಚಿನಲ್ಲಿ ಎದ್ದ ಚೂಪು ಲೋಹ), ಉದ್ದಕ್ಕೆ ಎದ್ದ ಗೀರು ಇದ್ದರೆ ಸೀಳು ಅಲ್ಲಿಂದಲೇ ಹೊರಡುತ್ತದೆ. ಲೇತ್‌ನಲ್ಲಿ ಮುಖ ತೆಗೆದು, ಒಳಗೂ ಹೊರಗೂ ಅರ ಆಡಿಸಿ, ಎಮರಿ ಪೇಪರ್‌ನಲ್ಲಿ ನಯ ಮಾಡಿ. ಸೀಳು ಚಿಕ್ಕದಾಗಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು ಮುಂದುವರಿಸೋಣ ಅನ್ನಿಸುತ್ತದೆ. ಭೂತಗನ್ನಡಿಯಲ್ಲಿ ಸೀಳಿನ ತುದಿ ಎಲ್ಲಿದೆ ಅಂತ ಕಂಡಮೇಲೆ ಮಾತ್ರ ಆ ಯೋಚನೆ ಮಾಡಿ, ಕಣ್ಣಿಗೆ ಕಾಣುವುದಕ್ಕಿಂತ ಅದು ಉದ್ದವಿರುತ್ತದೆ.

ಭುಜದಲ್ಲಿ ಸುಕ್ಕು, ಗುಳಿ

ಇವೆರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ನಯವಾದ, ಬೆರಳಲ್ಲಿ ಒತ್ತಿದಂಥ ಗುಳಿ ಇದ್ದರೆ ಅದು ಎಣ್ಣೆ ಜಾಸ್ತಿಯಾದದ್ದು. ಡೈಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡ ಎಣ್ಣೆಗೆ ಹೋಗಲು ದಾರಿಯಿಲ್ಲ, ಅದು ಕುಗ್ಗುವುದೂ ಇಲ್ಲ. ಹಿತ್ತಾಳೆಯೇ ಒಳಗೆ ಸರಿಯಬೇಕು. ಡೈಯನ್ನು ಒರೆಸಿ, ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಡೈಯ ಭುಜದ ಜಾಗಕ್ಕೆ ಗಾಳಿ ಹೋಗಲು ಒಂದು ಸಣ್ಣ ತೂತು ಇದೆಯಾ, ಅದು ಕಟ್ಟಿಕೊಂಡಿಲ್ಲವಾ ನೋಡಿ. ಮುಕ್ಕಾಲು ಪಾಲು ಗುಳಿ ಇಷ್ಟಕ್ಕೇ ಹೋಗುತ್ತದೆ.

ಮಡಿಕೆ ಮಡಿಕೆಯಾಗಿ, ಸುತ್ತಲೂ ನೆರಿಗೆ ಬಿದ್ದಿದ್ದರೆ ಒಂದೇ ಸಲಕ್ಕೆ ಜಾಸ್ತಿ ಇಳಿಸಿದ್ದೀರಿ. 32 ಮಿಮೀ ಪೈಪನ್ನು ಒಂದೇ ಡೈಯಲ್ಲಿ 25ಕ್ಕೆ ತರಲು ಹೋದರೆ ಹೀಗೇ ಆಗುವುದು. ನಾವು ಒಂದು ಹಂತಕ್ಕೆ ವ್ಯಾಸದಲ್ಲಿ 10 ಪರ್ಸೆಂಟಿಗಿಂತ ಜಾಸ್ತಿ ಇಳಿಸುವುದಿಲ್ಲ: 32ರಿಂದ 29, ಅಲ್ಲಿಂದ 27, ಆಮೇಲೆ 25. ಮೂರು ಡೈ ಮಾಡಬೇಕು, ಖರ್ಚು ಹೌದು. ಆದರೆ ಡೈ ಒಂದು ಸಲ ಮಾಡುವುದು, ಹಾಳಾದ ಪೀಸು ದಿನಾ ಬರುವುದು.

ಸುಕ್ಕಿಲ್ಲ, ಆದರೆ ಕೆಳಗಿನ ಅಗಲ ಭಾಗವೇ ಉಬ್ಬಿ ಕುಸಿಯಿತು ಅಂದರೆ ಪೀಸನ್ನು ಪೂರ್ತಿ ಕಾಸಿದ್ದೀರಿ. ಮೈ ಮೆದುವಾದರೆ ಪ್ರೆಸ್ಸಿನ ಭಾರ ಹೊರುವುದಿಲ್ಲ. ನೀರಿನ ತಟ್ಟೆಯ ಮಾತು ಇಲ್ಲೂ ಅನ್ವಯಿಸುತ್ತದೆ.

ಉದ್ದುದ್ದ ಗೀರುಗಳು ಬರುತ್ತಿದ್ದರೆ ಡೈಗೆ ಹಿತ್ತಾಳೆ ಅಂಟಿಕೊಂಡಿದೆ ಅಥವಾ ಮರಳು ಸೇರಿದೆ. ಡೈ ಪಾಲಿಶ್ ಮಾಡಿ. ಎಣ್ಣೆಯ ವಿಷಯದಲ್ಲಿ ನನ್ನ ಮತ ಹರಳೆಣ್ಣೆಗೆ. ದಪ್ಪ, ಒತ್ತಡದಲ್ಲಿ ಬೇಗ ಹರಿದುಹೋಗುವುದಿಲ್ಲ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಗಂಧಕ ಸೇರಿದ ಕಟಿಂಗ್ ಆಯಿಲ್ ಹಿತ್ತಾಳೆಯನ್ನು ಕಪ್ಪು ಮಾಡುತ್ತದೆ, ಅದು ಬೇಡ. ಯಾವ ಎಣ್ಣೆಯಾದರೂ ಮತ್ತೆ ಕಾಸುವ ಮೊದಲು ಸೋಪಿನ ನೀರಲ್ಲಿ ತೊಳೆದಿರಬೇಕು.

ಕುತ್ತಿಗೆಯೊಳಗೆ ನಿಪ್ಪಲ್ ಹೋಗುವುದಿಲ್ಲ

ಇದು ದೋಷವೇ ಅಲ್ಲ, ಲೆಕ್ಕ. ವ್ಯಾಸ ಇಳಿದಾಗ ಅಲ್ಲಿದ್ದ ಲೋಹ ಎಲ್ಲಿಗೆ ಹೋಗಬೇಕು? ಸ್ವಲ್ಪ ಉದ್ದಕ್ಕೆ ಹೋಗುತ್ತದೆ, ಉಳಿದದ್ದು ಗೋಡೆಯನ್ನು ದಪ್ಪ ಮಾಡುತ್ತದೆ. 32 ಮಿಮೀ ಹೊರವ್ಯಾಸ, 1.2 ಮಿಮೀ ಗೋಡೆಯ ಪೈಪನ್ನು 25ಕ್ಕೆ ಇಳಿಸಿದಾಗ, ಉದ್ದ ಒಂಚೂರೂ ಬೆಳೆಯದಿದ್ದರೆ ಗೋಡೆ 1.58ರವರೆಗೆ ಹೋಗಬಹುದು. ಆಗ ಒಳವ್ಯಾಸ 22.6 ಬದಲು 21.8ರ ಹತ್ತಿರ. ನಿಪ್ಪಲ್ ಸಿಕ್ಕಿಕೊಳ್ಳುವುದು ಅದಕ್ಕೇ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಕುತ್ತಿಗೆ ಹಿಗ್ಗಿ ಅಲ್ಲೇ ಬಿಗಿತ ಉಳಿಯುತ್ತದೆ, ಅದರ ಫಲ ಆಮೇಲೆ ಗೊತ್ತಾಗುತ್ತದೆ. ರೀಮರ್ (ತೂತನ್ನು ಕೆರೆದು ಅಗಲ ಮಾಡುವ ಉಪಕರಣ) ಹಾಕಿ ಒಳಗಿನಿಂದ ತೆಗೆಯಿರಿ. ಬಾಯಿಯ ಅಂಚು ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಬರುವುದೂ ಮಾಮೂಲು. ಕತ್ತರಿಸುವಾಗಲೇ ಉದ್ದ ಸ್ವಲ್ಪ ಜಾಸ್ತಿ ಬಿಟ್ಟು ಕೊನೆಗೆ ಟ್ರಿಮ್ ಮಾಡಿ.

ಮೇಲ್ಮೈ ತರಿತರಿಯಾಗಿ, ಕಿತ್ತಳೆ ಸಿಪ್ಪೆಯ ಹಾಗೆ ಕಂಡರೆ ಕಾಸಿದ್ದು ಜಾಸ್ತಿಯಾಗಿ ಲೋಹದ ಹರಳು ದೊಡ್ಡದಾಗಿದೆ. ಪಾಲಿಶ್ ಮಾಡಿ ಮುಚ್ಚಿದರೂ ಪೀಸು ದುರ್ಬಲವೇ. ಮುಂದಿನದಕ್ಕೆ ಕಾವು ಇಳಿಸಿ.

ಇಟ್ಟಲ್ಲೇ ಸೀಳಿದ್ದು

ಇದೇ ನಿಜವಾದ ತಲೆನೋವು. ಮಳೆಗಾಲ ಕಳೆದ ಮೇಲೆ ಶ್ರೀನಿವಾಸಪುರದ ರೈತರೊಬ್ಬರು ಸ್ಲೀವ್ ತಂದು ಮೇಜಿನ ಮೇಲಿಟ್ಟರು. "ಏನಣ್ಣಾ ಇದು, ಮುಟ್ಟೇ ಇಲ್ಲ, ಹಂಗೇ ಇಟ್ಟಿದ್ದೆ, ಸೀಳ್ಕೊಂಡೈತೆ."

"ಎಲ್ಲಿ ಇಟ್ಟಿದ್ರಿ ಯಜಮಾನ್ರೇ?"

"ಇನ್ನೆಲ್ಲಿ, ಕೊಟ್ಟಿಗೇಲಿ. ಯೂರಿಯಾ ಮೂಟೆ ಪಕ್ಕ."

ಸೀಳು ಕುತ್ತಿಗೆಯಲ್ಲಿ, ಉದ್ದಕ್ಕೆ, ಕೂದಲೆಳೆಯಷ್ಟು. ಬಾಯಿಯವರೆಗೆ ಬಂದಿರಲಿಲ್ಲ. ಪಕ್ಕದಲ್ಲಿ ಇನ್ನೆರಡು ಸಣ್ಣ ಗೆರೆ. ಸುತ್ತ ನೀಲಿ ಹಸಿರು ಕಲೆ. ಸುತ್ತಿಗೆ ಪೆಟ್ಟಿಲ್ಲ, ಬಾಗಿಲ್ಲ, ಗೋಡೆ ತೆಳುವಾಗಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ನಿಜ, ಅವರು ಮುಟ್ಟಿರಲಿಲ್ಲ.

ಇದಕ್ಕೆ ಮೂರು ಸೇರಬೇಕು: ಲೋಹದೊಳಗೆ ಉಳಿದ ಬಿಗಿತ, ಅಮೋನಿಯಾ, ತೇವ. ಒಂದು ತಪ್ಪಿದರೂ ಸೀಳು ಬರುವುದಿಲ್ಲ. ಕುತ್ತಿಗೆ ಇಳಿಸಿದಾಗ ಹೊರಮೈಯಲ್ಲಿ ಎಳೆತ ಉಳಿದುಬಿಡುತ್ತದೆ. ಕೊಟ್ಟಿಗೆಯ ಗಂಜಲ ಕೊಳೆತರೆ ಅಮೋನಿಯಾ, ಯೂರಿಯಾ ತೇವಕ್ಕೆ ಕರಗಿ ಕೊಳೆತರೂ ಅಮೋನಿಯಾ. ತೇವ ಮಳೆಗಾಲವೇ ಕೊಡುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಸೈನ್ಯದ ತೋಟಾಗಳು ಹೀಗೆ ಮಳೆಗಾಲದಲ್ಲಿ ಇಟ್ಟಲ್ಲೇ ಸೀಳುತ್ತಿದ್ದವು. ತೋಟಾ ಇಡುತ್ತಿದ್ದದ್ದು ಕುದುರೆ ಲಾಯದಲ್ಲಿ. ಲಾಯದ ಅಮೋನಿಯಾ ಕಾರಣ ಅಂತ 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿವರಿಸಿದರು. ಮಳೆಗಾಲದಲ್ಲಿ ಬರುತ್ತಿದ್ದ ಕಾರಣ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅನ್ನುವ ಹೆಸರೇ ನಿಂತಿತು. ಲಾಯ ಹೋಗಿ ಕೊಟ್ಟಿಗೆ ಬಂದಿದೆ, ಅಷ್ಟೇ.

ಪೀಸು ಅಂಗಡಿ ಬಿಡುವ ಮುಂಚೆಯೇ ಬಿಗಿತ ಇದೆಯಾ ಅಂತ ತಿಳಿಯಲು ಒಂದು ಪೀಸನ್ನು ಬಲಿ ಕೊಡಿ. ಕುತ್ತಿಗೆಯಿಂದ ಒಂದು ಉಂಗುರ ಕತ್ತರಿಸಿ, ಹೊರವ್ಯಾಸ ಅಳೆದು ಬರೆದಿಡಿ. ಆಮೇಲೆ ಸಣ್ಣ ಹ್ಯಾಕ್ಸಾದಲ್ಲಿ ಉಂಗುರವನ್ನು ಒಂದು ಕಡೆ ಪೂರ್ತಿ ಸೀಳಿ. ಬ್ಲೇಡ್ ದಾಟುವ ಕ್ಷಣದಲ್ಲಿ ಉಂಗುರ ಬಾಯಿ ಬಿಟ್ಟು ಅಗಲವಾದರೆ, ವ್ಯಾಸ ಜಾಸ್ತಿಯಾದರೆ, ಹೊರಮೈ ಎಳೆದುಕೊಂಡಿತ್ತು ಅಂತ ಅರ್ಥ. ಸುಮ್ನೆ ಹಾಗೇ ನಿಂತರೆ ಬಿಗಿತ ಇಲ್ಲ. ಲ್ಯಾಬ್‌ಗಳಲ್ಲಿ ಮರ್ಕ್ಯುರಸ್ ನೈಟ್ರೇಟ್ ದ್ರಾವಣಕ್ಕೆ ಅದ್ದಿ ನೋಡುವ ಪರೀಕ್ಷೆ ಇದೆ. ಅದು ಪಾದರಸದ ವಿಷ, ಅಂಗಡಿಯಲ್ಲಿ ಆ ಸಾಹಸ ಬೇಡವೇ ಬೇಡ.

ಮದ್ದು ಸರಳ. ಒತ್ತುವುದು, ರೀಮರ್, ಥ್ರೆಡ್ ಎಲ್ಲಾ ಮುಗಿದ ಮೇಲೆ 250ರಿಂದ 300 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಡುವುದು. ಈ ಕಾವಿಗೆ ಹಿತ್ತಾಳೆ ಮೆದುವಾಗುವುದಿಲ್ಲ, ಥ್ರೆಡ್ ಗಟ್ಟಿಯಾಗೇ ಇರುತ್ತದೆ, ಒಳಗಿನ ಬಿಗಿತ ಮಾತ್ರ ಸಡಿಲವಾಗುತ್ತದೆ. ಟಾರ್ಚ್‌ನಲ್ಲಿ ಇದು ಆಗದು. ಥರ್ಮೋಸ್ಟಾಟ್ ಇರುವ ಒವನ್ ಬೇಕು, ಅಡುಗೆಗೆ ಬಳಸುವ ಒವನ್ ಮಾತ್ರ ಬೇಡ. ಇಟ್ಟು ತೆಗೆದ ಗುಂಪಿನಿಂದ ಇನ್ನೊಂದು ಉಂಗುರ ಸೀಳಿ ನೋಡಿ.

ಈ ಕೆಲಸ ಆದ ಮೇಲೆ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡುವುದು, ಬಿಗಿಯಾಗಿ ನಿಪ್ಪಲ್ ಬಡಿಯುವುದು ಮಾಡಿದರೆ ಬಿಗಿತ ಮತ್ತೆ ಬರುತ್ತದೆ. ಹೊಳಪಿಗೆ ಅಂತ ಅಮೋನಿಯಾ ಇರುವ ಮೆಟಲ್ ಪಾಲಿಶ್ ಹಾಕುವವರಿದ್ದಾರೆ, ಅದೂ ಕೊಟ್ಟಿಗೆಯ ತಮ್ಮನೇ. ಹುಣಸೆಹಣ್ಣಲ್ಲಿ ಉಜ್ಜಿ ಚೆನ್ನಾಗಿ ತೊಳೆದು ಒರೆಸಿದರೆ ಸಾಕು.

ಬೆಸುಗೆ ಹಾಕುವ ಕ್ಷಣದಲ್ಲೇ ಬಿರಿದರೆ

ಟಿಕ್ ಅಂತ ಸಣ್ಣ ಶಬ್ದ, ಕರಗಿದ ಬೆಸುಗೆ ಸೀಳಿನೊಳಗೆ ಹರಿದು ಬೆಳ್ಳಿ ಗೆರೆ. ಬೈಸಿಕೊಳ್ಳುವುದು ಬೆಸುಗೆ ಹಾಕಿದವರು, ತಪ್ಪು ಅವರದ್ದಲ್ಲ. ಬಿಗಿತವಿರುವ ಹಿತ್ತಾಳೆಗೆ ಕರಗಿದ ಬೆಸುಗೆ ತಾಗಿದರೆ ಅದು ಹರಳುಗಳ ನಡುವೆ ನುಗ್ಗಿ ಬಿರಿಯಿಸುತ್ತದೆ. ಹಾಗಾಗಿ ಒವನ್ ಕೆಲಸ ಬೆಸುಗೆಗೆ ಮುಂಚೆ ಆಗಬೇಕು, ಬೆಸುಗೆ ಹಾಕುವಾಗ ಪೀಸನ್ನು ವೈಸ್‌ನಲ್ಲಿ ಬಿಗಿದು ಹಿಡಿಯಬಾರದು, ಕಾವನ್ನು ಒಂದೇ ಕಡೆ ಕೊಡದೆ ಸುತ್ತಲೂ ನಿಧಾನ ಕೊಡಬೇಕು.

ಶ್ರೀನಿವಾಸಪುರದವರಿಗೆ ಒವನ್‌ನಲ್ಲಿ ಇಟ್ಟು ತೆಗೆದ ಬೇರೆ ಸ್ಲೀವ್ ಹಾಕಿಕೊಟ್ಟಿದ್ದೇವೆ. ಪಂಪನ್ನು ಬಳಸಿದ ಮೇಲೆ ನೀರು ಹಾಯಿಸಿ ತೊಳೆದು, ಒಣಗಿಸಿ, ಕೊಟ್ಟಿಗೆ ಬಿಟ್ಟು ಮನೆಯ ಪಡಸಾಲೆಯಲ್ಲಿ ಇಡಿ ಅಂತಲೂ ಹೇಳಿದ್ದೇವೆ. "ಪಡಸಾಲೇಲಿ ಇಟ್ರೆ ಮನೆಯವಳು ಬಿಡ್ತಾಳಾ?" ಅಂದರು. ಯೂರಿಯಾ ಮೂಟೆಯಾದರೂ ಬೇರೆ ಕಡೆ ಇಡಿ ಅಂದೆ.